ಕೊಳೆರೋಗದ ಲೇಖನ ‘ಕೊಳ-2’ ಆದ ಬಗೆ: ಒಂದು ಕನ್ನಡ ಜಾಲತಾಣದ ವಿಳಾಸಗಳನ್ನು ಸರಿಪಡಿಸಿದ ಪ್ರಕರಣ

ಜೂನ್ ಎರಡನೇ ವಾರ. ಮೂರು ದಿನ ಬಿಡದೆ ಹೊಯ್ದ ಮಳೆ ಆ ಬೆಳಿಗ್ಗೆ ಹೊಳವಾಗಿತ್ತು. ಅಡಿಕೆ ತೋಟ ಇರುವವರಿಗೆ ಇಂಥ ದಿನದ ಬೆಲೆ ಗೊತ್ತು. ಮದ್ದು ಬಿಡಲು ಸಿಗುವುದೇ ಆ ಒಂದೆರಡು ಹೊತ್ತು. ಎಂಟು ಗಂಟೆಗೆ ಬೆಳೆಗಾರರೊಬ್ಬರ ಫೋನ್ ಬಂತು.

“ಎಂತ ಮಾರಾಯ್ರೆ, ಕಳೆದ ವರ್ಷ ನೀವು ಗ್ರೂಪಿಗೆ ಹಾಕಿದ ಲಿಂಕ್ ಉಂಟಲ್ಲ, ಬೋರ್ಡೋ ಮಾಡುವ ಕ್ರಮದ್ದು, ಅದನ್ನು ಒತ್ತಿದರೆ ಎಂತದೂ ಬರುವುದಿಲ್ಲ. ಮರ ಹತ್ತುವ ಜನ ಬಂದು ಜಗಲಿಯಲ್ಲಿ ಕೂತಿದ್ದಾರೆ. ನೂರು ಲೀಟರಿಗೆ ಸುಣ್ಣ ಎಷ್ಟು ಹೇಳಿ.”

ಮೈಲುತುತ್ತ ಒಂದು ಕಿಲೊ, ಸುಣ್ಣ ಒಂದು ಕಿಲೊ, ಎರಡನ್ನೂ ಬೇರೆ ಬೇರೆ ಕರಗಿಸಿ ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು ಎಂದು ಬಾಯಲ್ಲೇ ಹೇಳಿ ಫೋನ್ ಇಟ್ಟೆ. ಅಡಿಕೆಯ ಕಾಯಿ ಕೊಳೆಸುವ ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣ ಎಂದರೆ ಇದೇ. ಆಮೇಲೆ ಅದೇ ಲಿಂಕನ್ನು ನಾನೂ ಒತ್ತಿದೆ. 404. ‘ನೀವು ಹುಡುಕಿದ ಪುಟ ಇಲ್ಲಿಲ್ಲ’ ಎಂದು ನಮ್ಮದೇ ತಾಣ ಹೇಳುತ್ತಿತ್ತು. ಲೇಖನ ಅಲ್ಲಿಯೇ ಇತ್ತು. ಮುಖಪುಟದಿಂದ ಹುಡುಕಿಕೊಂಡು ಹೋದರೆ ತೆರೆಯುತ್ತಿತ್ತು. ಐದಾರು ವರ್ಷದಿಂದ ಜನ ಉಳಿಸಿಕೊಂಡಿದ್ದ, ಒಬ್ಬರಿಂದ ಒಬ್ಬರಿಗೆ ದಾಟಿಸಿದ್ದ ವಿಳಾಸ ಮಾತ್ರ ಸತ್ತಿತ್ತು.

ತಾಣ ದಕ್ಷಿಣ ಕನ್ನಡದ ಒಂದು ಅಡಿಕೆ ಬೆಳೆಗಾರರ ಗುಂಪಿನದು. ನಡೆಯುವುದು ಜಾಲತಾಣ ನಡೆಸುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿ. ನಾನೂರು ಚಿಲ್ಲರೆ ಲೇಖನಗಳಿವೆ, ಬಹುಪಾಲು ರೈತರೇ ಬರೆದವು. ಮೊದಲಿನಿಂದ ಇದ್ದ ವಿಳಾಸದ ಕ್ರಮ ವರ್ಷ, ತಿಂಗಳು, ದಿನ, ಆಮೇಲೆ ಲೇಖನದ ಹೆಸರು. ಮೇ ಕೊನೆಯಲ್ಲಿ ತಾಣವನ್ನು ಬೇರೆ ಸರ್ವರಿಗೆ ಸಾಗಿಸಿದೆವು. ಅದೇ ಹೊತ್ತಿಗೆ ತಾರೀಕನ್ನು ತೆಗೆದು, ಮುಂದೆ ‘ಬರಹ’ ಎಂಬ ಪದ (ಇಂಗ್ಲಿಷ್ ಅಕ್ಷರದಲ್ಲಿ), ಹಿಂದೆ ಲೇಖನದ ಹೆಸರು, ಇಷ್ಟೇ ಇರುವ ಹೊಸ ಕ್ರಮ ತಂದೆವು. 2016ರ ತಾರೀಕು ಕಂಡರೆ ಓದುಗರು ‘ಹಳೆಯದು’ ಎಂದು ಬಿಟ್ಟುಬಿಡುತ್ತಾರೆ, ಬೋರ್ಡೋ ದ್ರಾವಣದ ಲೆಕ್ಕಕ್ಕೆ ಹಳತು ಹೊಸತು ಎಂಬುದಿಲ್ಲ ಎಂಬುದು ಸಂಪಾದಕರ ವಾದ. ಅದು ಸರಿಯಾದ ವಾದವೇ.

ಸಾಗಿಸಿದ ದಿನವೇ ಒಂದು ತೊಂದರೆ ಕಂಡು, ಸರಿಯೂ ಆಗಿತ್ತು. ಮುಖಪುಟ ಬಿಟ್ಟು ಬೇರಾವ ಪುಟವೂ ತೆರೆಯುತ್ತಿರಲಿಲ್ಲ. ಇಂಥಲ್ಲಿ ನಾನು ಮೊದಲು ನೋಡುವುದು ‘ಇಲ್ಲ’ ಎಂದು ಹೇಳುತ್ತಿರುವವರು ಯಾರು ಎಂಬುದನ್ನು. ತಾಣದ ಬಣ್ಣ, ಮೆನು ಯಾವುದೂ ಇಲ್ಲದ ಬರೀ ಬಿಳಿ ಹಾಳೆಯ 404 ಬಂದರೆ ಅದು ಅಪಾಚೆಯ, ಅಂದರೆ ಸರ್ವರ್ ನಡೆಸುವ ತಂತ್ರಾಂಶದ ಮಾತು. ಕೋರಿಕೆ ವರ್ಡ್‌ಪ್ರೆಸ್‌ವರೆಗೆ ಹೋಗಿಯೇ ಇಲ್ಲ ಎಂದರ್ಥ. ತಾಣದ ವೇಷದಲ್ಲೇ 404 ಬಂದರೆ ಸರ್ವರ್ ದಾಟಿಸಿದೆ, ಒಳಗೆ ಹುಡುಕಿ ಸಿಗದೆ ಹೋಗಿದೆ. ಆ ದಿನ ಬಂದದ್ದು ಬಿಳಿ ಹಾಳೆ. ವರ್ಡ್‌ಪ್ರೆಸ್ ತನ್ನ ವಿಳಾಸದ ನಿಯಮಗಳನ್ನು ಎಚ್‌ಟಿಆಕ್ಸೆಸ್ ಎಂಬ ಕಡತದಲ್ಲಿ ಬರೆದಿಡುತ್ತದೆ. ಆ ಕಡತವನ್ನು ಓದಬೇಕೋ ಬೇಡವೋ ಎಂಬುದನ್ನು ಸರ್ವರಿನ ‘ಅಲೋಓವರ್‌ರೈಡ್’ ಎಂಬ ಸೂಚನೆ ತೀರ್ಮಾನಿಸುತ್ತದೆ. ಅಪಾಚೆ 2.4ರಲ್ಲಿ ಏನೂ ಹೇಳದೆ ಬಿಟ್ಟರೆ ‘ಓದಬೇಡ’ ಎಂದೇ ಅರ್ಥ, ಅದಕ್ಕೂ ಹಿಂದಿನ 2.2ರಲ್ಲಿ ‘ಓದು’ ಎಂದಿತ್ತು. ಹೊಸ ಸರ್ವರಿನವರಿಗೆ ಹೇಳಿದ್ದೇ ಸೂಚನೆ ಹಾಕಿಕೊಟ್ಟರು, ಪುಟಗಳು ತೆರೆದವು.

ಜೂನಿನಲ್ಲಿ ಬಂದ 404 ಆ ಜಾತಿಯದಲ್ಲ. ಅದು ತಾಣದ ವೇಷದಲ್ಲೇ ಬಂದಿತ್ತು.

ಹಳೆಯ ವಿಳಾಸಗಳಿಂದ ಹೊಸದಕ್ಕೆ ದಾರಿ ತಿರುಗಿಸುವ ಪಟ್ಟಿಯನ್ನು ಗುಂಪಿನ ಹುಡುಗರ ಜೊತೆ ಕೂತು ನಾವೇ ಮಾಡಿದ್ದೆವು. ಒಂದು ಎಕ್ಸೆಲ್ ಹಾಳೆ. ಎಡಗಡೆ ಹಳೆಯ ವಿಳಾಸ, ಬಲಗಡೆ ಹೊಸದು. ಎಡಗಡೆಯದನ್ನು ಹುಡುಗರು ಕನ್ನಡದಲ್ಲೇ ಟೈಪ್ ಮಾಡಿದ್ದರು. ಬಲಗಡೆಯದನ್ನು ಬ್ರೌಸರಿನ ವಿಳಾಸಪಟ್ಟಿಯಿಂದ ಕಾಪಿ ಮಾಡಿ ಅಂಟಿಸಿದ್ದರು. ಒಂದೊಂದು ಸಾಲಿಗೂ ಒಂದೊಂದು ನಿಯಮ, ಎಲ್ಲವೂ ಎಚ್‌ಟಿಆಕ್ಸೆಸ್ ಕಡತದೊಳಗೆ. ಹಾಕಿದ ಮೇಲೆ ನಾಲ್ಕೈದು ಲೇಖನ ಒತ್ತಿ ನೋಡಿದೆವು, ಸರಿಯಿತ್ತು. ಆ ನಾಲ್ಕೈದೂ ತಾಣ ಶುರುವಾದ ಕಾಲದವು, ಆಗಿನ್ನೂ ಲೇಖನದ ವಿಳಾಸವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಿದ್ದರು. ಕನ್ನಡ ವಿಳಾಸದ ಒಂದನ್ನೂ ಒತ್ತಿ ನೋಡಿರಲಿಲ್ಲ. ಪಟ್ಟಿಯ ಮೊದಲ ಸಾಲುಗಳನ್ನು ನೋಡಿ ಮುಗಿಸಿದ್ದೇ ಇಷ್ಟು ದಿನ ಈ ದೋಷ ಯಾರ ಕಣ್ಣಿಗೂ ಬೀಳದಿರಲು ಕಾರಣ.

ಫೋನ್ ಬಂದ ದಿನ ಹಳೆಯ ವಿಳಾಸಗಳನ್ನು ಒಂದೊಂದಾಗಿ ಒತ್ತುತ್ತ ಹೋದೆ. ಕನ್ನಡದವು ಸಾಲಾಗಿ ಸತ್ತಿದ್ದವು. ನಡುವೆ ಒಂದು ಮಾತ್ರ ತೆರೆಯಿತು. ‘ಕಾರ್ಬನ್‌ಫೈಬರ್ ದೋಟಿ’ ಎಂಬ ಲೇಖನ. ಇನ್ನೂ ಅರ್ಧ ಗಂಟೆ ಹುಡುಕಿದ ಮೇಲೆ ಅಂಥವೇ ಎರಡು ಸಿಕ್ಕವು, ಎರಡರ ಹೆಸರಿನಲ್ಲೂ ಹೀಗೆ ಕೂಡಿಸಿ ಬರೆದ ಇಂಗ್ಲಿಷ್ ಪದ. ಸತ್ತವುಗಳನ್ನು ನೋಡಿ ತಿಳಿಯದ್ದು ಬದುಕಿದ ಈ ಮೂರನ್ನು ನೋಡಿ ತಿಳಿಯಿತು.

‘ಕಾರ್ಬನ್‌ಫೈಬರ್’ ಎಂದು ಬರೆಯುವಾಗ ನ ಅರ್ಧಾಕ್ಷರಕ್ಕೆ ಫ ಒತ್ತಾಗಿ ಕೂರಬಾರದೆಂದು ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕುತ್ತೇವೆ. ಶೂನ್ಯ ಅಗಲದ ಬೇರ್ಪಡಿಕೆ. ಅದಿಲ್ಲದಿದ್ದರೆ ‘ಕಾರ್ಬನ್ಫೈಬರ್’ ಆಗುತ್ತದೆ. ಲೇಖನ ಪ್ರಕಟವಾದಾಗಿನ ಹಳೆಯ ವರ್ಡ್‌ಪ್ರೆಸ್ ಆ ಕಾಣದ ಅಕ್ಷರವನ್ನೂ ವಿಳಾಸದಲ್ಲಿ ಉಳಿಸಿಕೊಂಡಿತ್ತು. ನಮ್ಮ ಹುಡುಗರು ಪಟ್ಟಿ ಟೈಪ್ ಮಾಡುವಾಗ ಅದು ಬಿಟ್ಟುಹೋಗಿತ್ತು. ಹಾಗಾಗಿ ನಿಯಮದ ಎಡಗಡೆಗೂ ನಿಜವಾದ ಹಳೆಯ ವಿಳಾಸಕ್ಕೂ ತಾಳೆಯಾಗಲಿಲ್ಲ, ನಿಯಮ ಜಾರಿಯಾಗಲೇ ಇಲ್ಲ. ಆದರೂ ಲೇಖನ ತೆರೆಯುತ್ತದೆ. ಎಂದರೆ ನಮ್ಮ ನಿಯಮ ಮುಟ್ಟದ ವಿಳಾಸಗಳು ಉಳಿದಿವೆ, ಮುಟ್ಟಿದವು ಕೆಟ್ಟಿವೆ.

ಪಟ್ಟಿಯ ನಿಯಮಗಳನ್ನು ಕಡತದಿಂದ ಪೂರ್ತಿ ಕಿತ್ತು ನೋಡಿದೆ. ಹೆಚ್ಚುಕಡಿಮೆ ಎಲ್ಲ ಹಳೆಯ ಲಿಂಕುಗಳೂ ತೆರೆದವು. ಸಿಗದ ವಿಳಾಸ ಬಂದಾಗ ಅದರ ಕೊನೆಯ ತುಂಡನ್ನು ತೆಗೆದುಕೊಂಡು, ಆ ಹೆಸರಿನಿಂದ ಶುರುವಾಗುವ ಲೇಖನ ಇದೆಯೇ ಎಂದು ವರ್ಡ್‌ಪ್ರೆಸ್ ತಾನೇ ಹುಡುಕಿ ಅಲ್ಲಿಗೆ ಕಳಿಸುತ್ತದೆ. ತಾರೀಕಿನ ಕ್ರಮ ಬಿಟ್ಟು ಬಂದ ತಾಣಗಳು ಎಷ್ಟೋ ಬಾರಿ ಏನೂ ಮಾಡದೆಯೇ ನಡೆದುಹೋಗುವುದು ಇದರಿಂದಲೇ. ಅಲ್ಲಿಗೆ ಕೆಲಸ ಮುಗಿಸಬಹುದಿತ್ತು. ಆದರೆ ನಿಯಮಗಳು ಕೆಟ್ಟದ್ದು ಹೇಗೆ ಎಂದು ತಿಳಿಯದೆ ಬಿಡಲು ಮನಸ್ಸಾಗಲಿಲ್ಲ. ಬಿಡದಿದ್ದದ್ದು ಒಳ್ಳೆಯದೇ ಆಯಿತು.

ಒಂದು ನಿಯಮವನ್ನು ಮಾತ್ರ ವಾಪಸ್ ಹಾಕಿ, ಬ್ರೌಸರ್ ಬಿಟ್ಟು, ಸರ್ವರಿನ ಉತ್ತರವನ್ನು ಇದ್ದಂತೆ ತೋರಿಸುವ ಉಪಕರಣವಾದ ಕರ್ಲ್‌ನಿಂದ ಕೇಳಿದೆ. ಇದನ್ನು ಒತ್ತಿ ಹೇಳಬೇಕು. 301 ಎಂಬುದು ಶಾಶ್ವತ ಬದಲಾವಣೆಯ ಸಂಕೇತ. ಬ್ರೌಸರ್ ಒಮ್ಮೆ ಅದನ್ನು ಕಂಡರೆ ನೆನಪಿಟ್ಟುಕೊಳ್ಳುತ್ತದೆ, ಆಮೇಲೆ ಸರ್ವರಿನಲ್ಲಿ ಏನು ತಿದ್ದಿದರೂ ಹಳೆಯ ಉತ್ತರವನ್ನೇ ತೋರಿಸುತ್ತಿರಬಹುದು. ಪರೀಕ್ಷೆ ಮುಗಿಯುವ ತನಕ 302, ಅಂದರೆ ತಾತ್ಕಾಲಿಕ ಬದಲಾವಣೆಯ ಸಂಕೇತ, ಇಟ್ಟುಕೊಳ್ಳುವುದು ಕ್ಷೇಮ. ಕರ್ಲ್ ತೋರಿಸಿದ ಹೊಸ ವಿಳಾಸ ಹೀಗಿತ್ತು: ಕನ್ನಡ ಅಕ್ಷರಗಳಿರಬೇಕಾದ ಕಡೆಯಲ್ಲೆಲ್ಲ %25, %25, %25 ಎಂದು ಸಾಲು ಸಾಲು.

ಹಿನ್ನೆಲೆ ಇಷ್ಟು. ವಿಳಾಸದಲ್ಲಿ ಕನ್ನಡ ಅಕ್ಷರ ನೇರವಾಗಿ ಸಾಗುವುದಿಲ್ಲ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಯುಟಿಎಫ್-8 ಎಂಬ ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ಒಂದೊಂದು ಬೈಟನ್ನೂ ಶೇಕಡಾ ಚಿಹ್ನೆ ಮತ್ತು ಎರಡು ಗುರುತಾಗಿ (ಅಂಕಿ ಅಥವಾ ಇಂಗ್ಲಿಷ್ ಅಕ್ಷರ) ಬರೆಯುತ್ತಾರೆ. ‘ಕ’ ಎಂಬುದು %ಇ0, %ಬಿ2, %95 ಎಂದು ಮೂರು ತುಂಡಾಗಿ ಹೋಗುತ್ತದೆ. ಬ್ರೌಸರಿನಿಂದ ಕಾಪಿ ಮಾಡಿದ ಬಲಗಡೆಯ ವಿಳಾಸಗಳು ಈಗಾಗಲೇ ಹೀಗೆ ತುಂಡಾಗಿದ್ದವು. ನಮ್ಮ ಪಟ್ಟಿಯಲ್ಲಿದ್ದಂಥವನ್ನು ಅಪಾಚೆಯಲ್ಲಿ ರೀರೈಟ್ ನಿಯಮ ಎನ್ನುತ್ತಾರೆ, ಅದು ದಾರಿ ತಿರುಗಿಸುವಾಗ ತಾನೂ ಒಮ್ಮೆ ತುಂಡು ಮಾಡಿ ಕಳಿಸುತ್ತದೆ. ಶೇಕಡಾ ಚಿಹ್ನೆಯನ್ನೇ ಅಕ್ಷರವೆಂದು ತಿಳಿದು ಅದನ್ನು %25 ಮಾಡುತ್ತದೆ. ಎರಡು ಸಲ ಮಡಚಿದ್ದನ್ನು ಓದುವ ಕಡೆ ಒಂದೇ ಸಲ ಬಿಡಿಸಿದರೆ ಹೆಸರು ಹೇಗೆ ಸಿಕ್ಕೀತು? ಇದು ಬಲ್ಲವರಿಗೆ ಗೊತ್ತಿರುವ ದೋಷ. ನಿಯಮದ ಕೊನೆಗೆ ‘ಎನ್‌ಇ’ ಎಂಬ ಗುರುತು ಹಾಕಿದರೆ ಎರಡನೇ ಮಡಚುವಿಕೆ ನಿಲ್ಲುತ್ತದೆ.

ಹಾಕಿದೆ. %25 ಹೋಯಿತು. 404 ಹೋಗಲಿಲ್ಲ.

ಹೊಸ ವಿಳಾಸವನ್ನೂ ಬಂದ ವಿಳಾಸವನ್ನೂ ಒಂದರ ಕೆಳಗೊಂದು ಬರೆದು ಅಕ್ಷರ ಅಕ್ಷರ ಹೋಲಿಸಿದೆ. ‘ಮ’ ಸರಿಯಿದೆ. ‘ಲ’ ಸರಿಯಿದೆ. ‘ದ’ ಸರಿಯಿದೆ. ‘ಕ’ ಇರಬೇಕಾದ ಕಡೆ %95 ಇಲ್ಲ, ಬರೀ 5 ಇದೆ. ‘ಗ’ದ %97 ಹೋಗಿ ಬರೀ 7. ಶೇಕಡಾ ಚಿಹ್ನೆಯೂ ಒಂಬತ್ತೂ ಎರಡೂ ಮಾಯ.

ರೀರೈಟ್ ನಿಯಮದ ಬಲಗಡೆಯಲ್ಲಿ ಶೇಕಡಾ ಚಿಹ್ನೆಯ ಮುಂದೆ ಒಂದು ಅಂಕಿ ಬಂದರೆ ಅದಕ್ಕೆ ಬೇರೆಯೇ ಅರ್ಥ. ನಿಯಮಕ್ಕೂ ಮೊದಲು ಬರೆದ ಷರತ್ತಿನಲ್ಲಿ ಹಿಡಿದಿಟ್ಟ ಅಷ್ಟನೇ ತುಂಡನ್ನು ಇಲ್ಲಿ ತಂದಿಡು ಎಂದು. %95 ಅನ್ನು ಅಪಾಚೆ ‘ಒಂಬತ್ತನೇ ತುಂಡು, ಆಮೇಲೆ 5’ ಎಂದು ಓದಿತು. ನಮ್ಮಲ್ಲಿ ಷರತ್ತೇ ಇಲ್ಲ, ಒಂಬತ್ತನೇ ತುಂಡು ಖಾಲಿ. ಉಳಿದದ್ದು 5. ಯಾವ ಅಕ್ಷರಗಳಿಗೆ ಈ ಪೆಟ್ಟು ಎಂದು ಕೋಷ್ಟಕ ಮುಂದಿಟ್ಟುಕೊಂಡು ನೋಡಿದೆ. ಸ್ವರಗಳೆಲ್ಲ, ಕ ವರ್ಗ ಪೂರ್ತಿ, ಚ ವರ್ಗ ಪೂರ್ತಿ, ಟ ಒಂದು. ಠದಿಂದ ಮುಂದಕ್ಕೆ ಹ, ಳವರೆಗೆ ಕ್ಷೇಮ, ಏಕೆಂದರೆ ಅಲ್ಲಿಂದ ಮೂರನೇ ಬೈಟಿನ ಮೊದಲ ಗುರುತು ಅಂಕಿಯಲ್ಲ, ಅಕ್ಷರ. ಕಾಗುಣಿತದಲ್ಲಿ ದೀರ್ಘ ಆ ಮತ್ತು ಗುಡಿಸು ಉಳಿಯುತ್ತವೆ. ಈತ್ವದಿಂದ ಔತ್ವದವರೆಗೆ, ಅರ್ಧಾಕ್ಷರದ ಚಿಹ್ನೆಯೂ ಸೇರಿ, ಎಲ್ಲಕ್ಕೂ ಪೆಟ್ಟು. ಕನ್ನಡದ ಯಾವ ವಾಕ್ಯ ಇದರಿಂದ ತಪ್ಪಿಸಿಕೊಂಡೀತು? ಶೇಕಡಾ ಚಿಹ್ನೆಗಳ ಎಡಕ್ಕೆ ಬ್ಯಾಕ್‌ಸ್ಲ್ಯಾಶ್ (ಹಿಂದಕ್ಕೆ ಬಾಗಿದ ಗೆರೆ) ಹಾಕಿದರೆ ಈ ದೋಷವೂ ಹೋಗುತ್ತದೆ. ಹಾಕಿ ನೋಡಿದೆ, ಲೇಖನ ತೆರೆಯಿತು. ಆದರೂ ಆ ಪಟ್ಟಿಯನ್ನು ಮತ್ತೆ ಬಳಸಲಿಲ್ಲ. ನಾನೂರು ಸಾಲುಗಳ ಕೈಬರಹದ ನಿಯಮ, ಒಂದೊಂದರಲ್ಲೂ ಇಷ್ಟು ಬಲೆಗಳು. ಮುಂದೆ ತಾಣ ನೋಡಿಕೊಳ್ಳುವವರಿಗೆ ಅದನ್ನು ಬಿಟ್ಟುಹೋಗುವುದು ಸರಿಯಲ್ಲ ಅನಿಸಿತು.

ಹಾಗಾದರೆ ವರ್ಡ್‌ಪ್ರೆಸ್‌ನ ಸ್ವಂತ ಹುಡುಕಾಟಕ್ಕೇ ಬಿಡೋಣ ಎಂದುಕೊಂಡೆ. ಪಟ್ಟಿ ತೆಗೆದು, ಬೆಳಿಗ್ಗೆ ಫೋನ್ ಮಾಡಿದ್ದವರಿಗೆ ಹೇಳಿದೆ. ಸಂಜೆ ಅವರು ಮತ್ತೆ ಫೋನ್ ಮಾಡಿದರು.

“ಗ್ರೂಪಿನ ಲಿಂಕ್ ಈಗ ಸರಿ ಉಂಟು. ಆದರೆ ನಮ್ಮ ಪುಸ್ತಕದಲ್ಲಿ ಕೊಟ್ಟದ್ದನ್ನು ನೋಡಿ ಮಗಳು ಹಾಕಿದಳು, ಅದರಲ್ಲಿ ಬೇರೆಯೇ ಬಂತು. ರೋಗದ ಲಕ್ಷಣ ಮಾತ್ರ ಉಂಟು, ಮದ್ದಿನ ವಿಷಯವೇ ಇಲ್ಲ.”

ಪುಸ್ತಕವೆಂದರೆ ಗುಂಪು ಅಚ್ಚು ಹಾಕಿಸಿದ ಚಿಕ್ಕ ಕೈಪಿಡಿ. ಪ್ರತಿ ಅಧ್ಯಾಯದ ಕೊನೆಗೆ ‘ಹೆಚ್ಚಿನ ವಿವರಕ್ಕೆ’ ಎಂದು ತಾಣದ ವಿಳಾಸ ಕೊಟ್ಟಿದೆ. ತೆಗೆದು ನೋಡಿದೆ. 2018ರ ತಾರೀಕು, ಆಮೇಲೆ ‘ಮಳೆಗಾಲದಲ್ಲಿ-ಅಡಿಕೆಗೆ-ಕೊಳೆ’. ತಾಣದಲ್ಲಿ ಆ ಬೋರ್ಡೋ ಲೇಖನದ ನಿಜವಾದ ವಿಳಾಸ ‘ಮಳೆಗಾಲದಲ್ಲಿ-ಅಡಿಕೆಗೆ-ಕೊಳ-2’.

ಕೊಳ ಎಲ್ಲಿಂದ ಬಂತು? ಲೇಖನದ ತಲೆಬರಹ ‘ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ: ಬೋರ್ಡೋ ದ್ರಾವಣ ಮಾಡುವ ಕ್ರಮ’. ಅದರಲ್ಲಿ ಕೊಳವೂ ಇಲ್ಲ, ಕೆರೆಯೂ ಇಲ್ಲ.

ಡೇಟಾಬೇಸ್ ತೆರೆದು ಲೇಖನದ ಹೆಸರುಗಳ ಕಾಲಂ ನೋಡಿದೆ. ಅದರ ಉದ್ದ 200. ಇಂಗ್ಲಿಷಿನಲ್ಲಿ ಬರೆದರೆ 200 ಅಕ್ಷರ ಹಿಡಿಸುತ್ತದೆ, ಯಾವ ತಲೆಬರಹಕ್ಕೂ ಸಾಕು. ಕನ್ನಡದ ಒಂದು ಸಂಕೇತ ಅಲ್ಲಿ ಕೂರುವುದು ಮೂರು ಬೈಟ್, ಬೈಟಿಗೆ ಮೂರು ಗುರುತು, ಒಟ್ಟು ಒಂಬತ್ತು ಗುರುತಾಗಿ. 200ರಲ್ಲಿ ಒಂಬತ್ತು ಹೋಗುವುದು 22 ಸಲ. ನಾವು ಒಂದೇ ಅಕ್ಷರ ಎನ್ನುವ ‘ಲ್ಲಿ’ ಅಲ್ಲಿ ನಾಲ್ಕು ಸಂಕೇತ: ಲ, ಅರ್ಧಾಕ್ಷರದ ಚಿಹ್ನೆ, ಮತ್ತೆ ಲ, ಗುಡಿಸು. ‘ಮಳೆಗಾಲದಲ್ಲಿ’ ಎಂಬ ಒಂದೇ ಪದಕ್ಕೆ 11 ಸಂಕೇತ, ಅಂದರೆ 99 ಗುರುತು. ನಡುಗೆರೆ ಒಂದು, 100. ‘ಅಡಿಕೆಗೆ’ ಏಳು ಸಂಕೇತ, 163. ಇನ್ನೊಂದು ನಡುಗೆರೆ, 164. ಉಳಿದ ಜಾಗ 36, ನಾಲ್ಕು ಸಂಕೇತಕ್ಕೆ ಸರಿಯಾಗಿ. ಕ, ಒತ್ವ, ಳ, ಎತ್ವ. ‘ಕೊಳೆ’. ಅಲ್ಲಿಗೆ 200 ತುಂಬಿತು. ‘ರೋಗ’ಕ್ಕೆ ಜಾಗವಿಲ್ಲ, ಬೋರ್ಡೋ ದ್ರಾವಣಕ್ಕಂತೂ ಇಲ್ಲವೇ ಇಲ್ಲ.

2016ರಲ್ಲಿ ‘ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ: ಲಕ್ಷಣಗಳು’ ಎಂಬ ಲೇಖನ ಬಂದಾಗ ‘ಕೊಳೆ’ ಎಂಬ ವಿಳಾಸ ಅದಕ್ಕೆ ಹೋಯಿತು. 2018ರಲ್ಲಿ ಬೋರ್ಡೋ ಲೇಖನ ಬಂದಾಗ ಅದೂ ಅಲ್ಲಿಗೇ ಕತ್ತರಿಸಿಕೊಂಡು ಬಂತು, ಹೆಸರು ಆಗಲೇ ಬೇರೆಯವರ ಪಾಲಾಗಿತ್ತು. ಇಂಥಲ್ಲಿ ವರ್ಡ್‌ಪ್ರೆಸ್ ಕೊನೆಗೆ ‘-2’ ಸೇರಿಸುತ್ತದೆ. ಸೇರಿಸಲು ಎರಡು ಗುರುತಿನ ಜಾಗ ಬೇಕು, 200 ಆಗಲೇ ಭರ್ತಿ. ಹಾಗಾಗಿ ಕೊನೆಯ ಸಂಕೇತವೊಂದನ್ನು ಕಿತ್ತು ಜಾಗ ಮಾಡಿಕೊಂಡಿತು. ಕಿತ್ತದ್ದು ಎತ್ವವನ್ನು. ಕೊಳೆ ಹೋಗಿ ಕೊಳ ಆಯಿತು.

ಕೈಪಿಡಿಯ ಕರಡು ತಿದ್ದಿದವರು ಕನ್ನಡ ಚೆನ್ನಾಗಿ ಬಲ್ಲ ನಿವೃತ್ತ ಮೇಷ್ಟ್ರು. ಕೊಳೆರೋಗದ ಅಧ್ಯಾಯದಲ್ಲಿ ‘ಕೊಳ-2’ ಕಂಡಾಗ ಅಚ್ಚಿನ ತಪ್ಪೆಂದು ‘ಕೊಳೆ’ ಎಂದು ತಿದ್ದಿದರು. ಕನ್ನಡ ಗೊತ್ತಿರುವ ಯಾರೇ ಆದರೂ ಹಾಗೆಯೇ ತಿದ್ದುತ್ತಿದ್ದರು. ತಿದ್ದಿದ್ದು 2016ರ ಲೇಖನದ ವಿಳಾಸವೇ ಆಗಿಬಿಟ್ಟಿತು. ತಾರೀಕು ಇದ್ದ ಕಾಲದಲ್ಲಿ ಎರಡರ ದಿನ ಬೇರೆಯಾದ್ದರಿಂದ ಗೊಂದಲಕ್ಕೆ ಎಡೆ ಕಡಿಮೆ. ಈಗ ತಾರೀಕನ್ನು ಯಾರೂ ನೋಡುವುದಿಲ್ಲ, ವರ್ಡ್‌ಪ್ರೆಸ್ ಹೆಸರು ಹುಡುಕಿ ಲಕ್ಷಣಗಳ ಲೇಖನಕ್ಕೆ ಕಳಿಸುತ್ತದೆ. 404 ಬಂದಿದ್ದರೆ ‘ಲಿಂಕ್ ಕೆಟ್ಟಿದೆ’ ಎಂದಾದರೂ ತಿಳಿಯುತ್ತಿತ್ತು. ಬೇರೆ ಲೇಖನ ತೆರೆದಾಗ ಓದುಗರು ಇದೇ ಇರಬೇಕು ಎಂದುಕೊಳ್ಳುತ್ತಾರೆ. ಮದ್ದಿನ ಅಳತೆ ಹುಡುಕುವವರಿಗೆ ಇದು 404ಕ್ಕಿಂತ ಕೆಟ್ಟದ್ದು.

ಉಳಿದವನ್ನೂ ನೋಡಿದೆ. ನಾನೂರರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಸರುಗಳು 200ರ ಗಡಿಯಲ್ಲಿ ತುಂಡಾಗಿದ್ದವು. ‘ಬೇಸಿಗೆಯಲ್ಲಿ ಅಡಿಕೆ ಮರಗಳಲ್ಲಿ ಕಾಂಡ ಸೀಳುವುದೇಕೆ’ ಎಂಬುದು ‘ಬೇಸಿಗೆಯಲ್ಲಿ-ಅಡಿಕೆ-ಮರಗಳಲ್’ ಎಂದು ಅರ್ಧಾಕ್ಷರದಲ್ಲಿ ನಿಂತಿತ್ತು. ‘ಅಡಿಕೆ ತೋಟಕ್ಕೆ ಹಸಿರೆಲೆ ಗೊಬ್ಬರ’ ಎಂಬುದು ‘ಗೊ’ದಲ್ಲಿ. ನಡುಗೆರೆ ಎರಡಕ್ಕಿಂತ ಹೆಚ್ಚಾದರೆ 22 ಕೂಡ ಸಿಗುವುದಿಲ್ಲ, 21. ಇಷ್ಟು ವರ್ಷ ಯಾರೂ ಗಮನಿಸಿರಲಿಲ್ಲ, ಏಕೆಂದರೆ ಕಾಪಿ ಮಾಡಿದ ಕೂಡಲೇ ವಿಳಾಸ ಶೇಕಡಾ ಚಿಹ್ನೆಗಳ ರಾಶಿಯಾಗುತ್ತದೆ, ಅದನ್ನು ಯಾರು ಓದುತ್ತಾರೆ?

ಸಂಪಾದಕರ ಜೊತೆ ಕೂತಾಗ ಮೊದಲು ಬಂದ ಸಲಹೆ ವಿಳಾಸಗಳನ್ನೆಲ್ಲ ಇಂಗ್ಲಿಷ್ ಅಕ್ಷರಕ್ಕೆ ಬದಲಿಸೋಣ ಎಂಬುದು. ಸುಲಭದ ದಾರಿ, ಬಹಳ ಕನ್ನಡ ತಾಣಗಳು ಹಾಗೆಯೇ ಮಾಡುತ್ತವೆ. ನಾನು ಒಪ್ಪಲಿಲ್ಲ. ನಮ್ಮ ಓದುಗರು ಕನ್ನಡದಲ್ಲಿ ಹುಡುಕುತ್ತಾರೆ, ಕೈಪಿಡಿ ನೋಡಿ ಕನ್ನಡದಲ್ಲಿ ಟೈಪ್ ಮಾಡುತ್ತಾರೆ. ‘ಕೊಳೆರೋಗ’ವನ್ನು ಇಂಗ್ಲಿಷಿನಲ್ಲಿ ಹತ್ತು ಮಂದಿ ಹತ್ತು ರೀತಿ ಬರೆಯುತ್ತಾರೆ, ಕನ್ನಡದಲ್ಲಿ ಎಲ್ಲರೂ ಒಂದೇ ರೀತಿ. ಇಲ್ಲಿ ಕಷ್ಟ ಕೊಟ್ಟದ್ದು ಭಾಷೆಯಲ್ಲ, ಉದ್ದದ ಲೆಕ್ಕ. ಉದ್ದವನ್ನು ನಾವು ಹತೋಟಿಯಲ್ಲಿಡಬಹುದು.

ಎರಡನೇ ಸಲಹೆ, ಬೆಳೆಯ ವಿಭಾಗವನ್ನು ವಿಳಾಸದಲ್ಲಿ ಸೇರಿಸುವುದು: ಅಡಿಕೆ, ಆಮೇಲೆ ಲೇಖನದ ಹೆಸರು. ನೋಡಲು ಚೆಂದ. ಆದರೆ ನಮ್ಮ ಲೇಖನಗಳು ಎರಡು ಮೂರು ವಿಭಾಗದಲ್ಲಿರುತ್ತವೆ. ಅಂಥಲ್ಲಿ ವರ್ಡ್‌ಪ್ರೆಸ್ ಎಲ್ಲಕ್ಕಿಂತ ಮೊದಲು ಹುಟ್ಟಿದ, ಅಂದರೆ ಚಿಕ್ಕ ಸಂಖ್ಯೆಯ ವಿಭಾಗವನ್ನು ಆರಿಸುತ್ತದೆ. ನಮ್ಮಲ್ಲಿ ‘ರೋಗ-ಕೀಟ’ ಮೊದಲು ಮಾಡಿದ್ದು, ‘ಅಡಿಕೆ’ ಆಮೇಲಿನದು. ನಾಳೆ ಯಾರೋ ಒಂದು ವಿಭಾಗದ ಗುರುತು ತೆಗೆದರೆ ವಿಳಾಸವೂ ಬದಲು. ವಿಳಾಸ ಬದಲಾದ ಕಷ್ಟ ಆಗಷ್ಟೇ ಉಂಡಿದ್ದೆವು, ಯಾರೂ ಹೆಚ್ಚು ಹಟ ಹಿಡಿಯಲಿಲ್ಲ.

ಕೊನೆಗೆ ನಿಂತದ್ದು: ‘ಬರಹ’, ಆಮೇಲೆ ಲೇಖನದ ಸಂಖ್ಯೆ, ಆಮೇಲೆ ಹೆಸರು. ಸಂಖ್ಯೆ ಮುಂದಿರುವುದರ ಲಾಭ ದೊಡ್ಡದು. ಹೆಸರಿನಲ್ಲಿ ಎತ್ವ ಹೋದರೂ, ಮೇಷ್ಟ್ರು ತಿದ್ದಿದರೂ, ಕಾಣದ ಅಕ್ಷರ ಬಿಟ್ಟುಹೋದರೂ ವರ್ಡ್‌ಪ್ರೆಸ್ ಸಂಖ್ಯೆ ನೋಡಿ ಸರಿಯಾದ ವಿಳಾಸಕ್ಕೆ ತಾನೇ ಒಯ್ಯುತ್ತದೆ. ಕನ್ನಡದಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ. ‘ಕೊ’ದ ಒತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಕೊಂಬಿನ ದೀರ್ಘ ಎಂದು ಎರಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಸಂಖ್ಯೆ ಇದ್ದರೆ ಆ ಭಯವೂ ಇಲ್ಲ.

ಬದಲಿಸಿದಾಗ ಒಂದು ಕಡೆ ಎಚ್ಚರ ಬೇಕಾಯಿತು. ಲೇಖನದ ಕ್ರಮಕ್ಕೆ ಮುಂದೆ ಹಾಕಿದ ‘ಬರಹ’ ವಿಭಾಗಗಳ ಪುಟಗಳಿಗೂ ಅಂಟಿಕೊಳ್ಳುತ್ತದೆ. ಮೇ ತಿಂಗಳಿನಿಂದಲೇ ಅಂಟಿತ್ತು, ಮೆನುವಿನಿಂದ ಹೋಗುವವರಿಗೆ ತೊಂದರೆಯಾಗದ್ದರಿಂದ ತಿಳಿದಿರಲಿಲ್ಲ. ವಿಳಾಸದ ಕ್ರಮ ಹೊಂದಿಸುವ ಪರ್ಮಾಲಿಂಕ್ ಪುಟದ ಕೆಳಗೆ ವಿಭಾಗದ ಬುಡಪದ ಎಂಬ ಖಾಲಿ ಚೌಕವಿದೆ, ಅದರಲ್ಲಿ ಹಳೆಯ ಪದವನ್ನೇ ಮತ್ತೆ ತುಂಬಿದರೆ ‘ಬರಹ’ ಬಿಟ್ಟುಹೋಗುತ್ತದೆ. ಹಳೆಯ ವಿಭಾಗದ ಲಿಂಕುಗಳು ಹಾಗೆ ಮರಳಿದವು.

ಹಳೆಯ ತಾರೀಕಿನ ವಿಳಾಸಗಳಿಗೆ ವರ್ಡ್‌ಪ್ರೆಸ್‌ನ ಊಹೆಯ ಹುಡುಕಾಟವನ್ನು ನಿಲ್ಲಿಸಿದೆ. 5.5ನೇ ಆವೃತ್ತಿಯಿಂದ ಹಾಗೆ ನಿಲ್ಲಿಸಲು ಫಿಲ್ಟರ್ ಎಂಬ ಸೌಕರ್ಯ ಕೊಟ್ಟಿದ್ದಾರೆ. ಆ ಹುಡುಕಾಟದ ಬದಲು ಚಿಕ್ಕ ಕೋಡ್ ತುಣುಕೊಂದನ್ನು ಬರೆದೆ. ತಾರೀಕಿನ ವಿಳಾಸ ಬಂದರೆ ಕೊನೆಯ ತುಂಡಿನ ಹೆಸರಿನ ಲೇಖನವನ್ನು ಹುಡುಕು, ಅದು ಆ ತಾರೀಕಿನದೇ ಆಗಿದ್ದರೆ ಅಲ್ಲಿಗೆ ಕಳಿಸು. ಹೆಸರು ಸಿಕ್ಕರೂ ತಾರೀಕು ಹೊಂದದಿದ್ದರೆ, ಅಥವಾ ಹೆಸರೇ ಸಿಗದಿದ್ದರೆ, ಆ ದಿನದ ಲೇಖನವನ್ನು ತೆಗೆ. ಒಂದೇ ದಿನ ಎರಡು ಲೇಖನ ಬಂದದ್ದು ನಮ್ಮಲ್ಲಿ ಬಹಳ ಅಪರೂಪ, ಅಂಥ ಕಡೆ ಎರಡನ್ನೂ ಪಟ್ಟಿ ಮಾಡಿ ತೋರಿಸುತ್ತದೆ. ಹಳೆಯದೆಂದು ಕಿತ್ತುಹಾಕಿದ್ದ ತಾರೀಕೇ ಈಗ ಕೈಹಿಡಿಯಿತು. ಕೈಪಿಡಿಯ ‘2018, ಕೊಳೆ’ ಬೋರ್ಡೋ ಲೇಖನಕ್ಕೆ ಹೋಗುತ್ತದೆ, ಮೇಷ್ಟ್ರ ತಿದ್ದುಪಡಿಯನ್ನು ಹಾಗೇ ಇಟ್ಟುಕೊಂಡು.

ತುಂಡಾದ ಹೆಸರುಗಳನ್ನು ತಿದ್ದುವ ಕೆಲಸವನ್ನು ಅದೇ ದಿನ ಮಾಡಲಿಲ್ಲ. ಒಂದು ವಾರ ಎಲ್ಲ ಲಿಂಕೂ ಸರಿಯಾಗಿ ನಡೆದ ಮೇಲೆ ಶುರು ಮಾಡಿದೆವು. ಪ್ರಕಟವಾದ ಲೇಖನದ ಹೆಸರು ಬದಲಿಸಿದರೆ ವರ್ಡ್‌ಪ್ರೆಸ್ ಹಳೆಯ ಹೆಸರನ್ನು ಬದಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ, ನನ್ನ ತುಣುಕು ಅಲ್ಲಿಯೂ ಹುಡುಕುವಂತೆ ಮಾಡಿದೆ. ಈಗ ಸಂಪಾದಕರು ತಲೆಬರಹ ಎಷ್ಟು ಉದ್ದ ಇಟ್ಟರೂ ವಿಳಾಸದ ಹೆಸರನ್ನು ಕೈಯಾರೆ ಬರೆಯುತ್ತಾರೆ, ಎರಡು ಪದ, ಹೆಚ್ಚೆಂದರೆ ಮೂರು. ಬೋರ್ಡೋ ಲೇಖನ ‘ಕೊಳೆರೋಗ-ಬೋರ್ಡೋ’ ಆಗಿದೆ, ಲಕ್ಷಣಗಳ ಲೇಖನ ‘ಕೊಳೆರೋಗ-ಲಕ್ಷಣ’. ‘ಅಡಿಕೆ-ಕೊಳೆರೋಗ’ ಎಂದು ಬರೆದರೂ 109 ಗುರುತು, ಇನ್ನೂ ಅರ್ಧದಷ್ಟು ಜಾಗ ಉಳಿಯುತ್ತದೆ.

ಪರೀಕ್ಷೆಗೆ ಈ ಸಲ ಪಟ್ಟಿಯ ಮೊದಲ ಸಾಲುಗಳನ್ನು ಆರಿಸಲಿಲ್ಲ. ಕ ಮತ್ತು ಚ ವರ್ಗದ ಅಕ್ಷರ ಇರುವವು, ಅರ್ಧಾಕ್ಷರದಲ್ಲಿ ಮುಗಿಯುವವು, ಕಾಣದ ಅಕ್ಷರ ಇರುವವು, ‘-2’ ಇರುವವು, ಕೈಪಿಡಿಯಲ್ಲಿ ಅಚ್ಚಾದವು, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಕರ್ಲ್‌ನಿಂದ ಕೇಳಿದೆ. ಒಂದೇ ಹೆಜ್ಜೆಯಲ್ಲಿ ಸರಿಯಾದ ಲೇಖನಕ್ಕೆ ಹೋಗಿ, ‘ಪುಟ ಸಿಕ್ಕಿತು’ ಎಂದು ಸರ್ವರ್ ಹೇಳುವ 200 ಎಂಬ ಸಂಕೇತ ಬಂದರೆ ಮಾತ್ರ ಗುರುತು ಹಾಕಿದೆ. ಆಮೇಲೆ 302 ತೆಗೆದು 301 ಮಾಡಿದೆ. ತಿರುವುಗಳನ್ನು ಕನಿಷ್ಠ ಒಂದು ವರ್ಷವಾದರೂ ಇಟ್ಟುಕೊಳ್ಳಿ ಎಂದು ಗೂಗಲ್ ಹೇಳುತ್ತದೆ. ಕೈಪಿಡಿ ಜನರ ಮನೆಯ ಗೋಡೆಗೂಡಿನಲ್ಲಿರುವವರೆಗೂ ನಮ್ಮವು ಇರುತ್ತವೆ.

ಜುಲೈ ಕೊನೆಯಲ್ಲಿ ಎರಡನೇ ಸಲ ಮದ್ದು ಬಿಡುವ ಹೊತ್ತಿಗೆ ಅವರದ್ದೇ ಫೋನ್ ಮತ್ತೆ ಬಂತು. ಲಿಂಕಿನ ಮಾತು ಎತ್ತಲಿಲ್ಲ. ಲೇಖನದಲ್ಲಿ ಸುಣ್ಣ ಎಂದಷ್ಟೇ ಬರೆದಿದೆ, ಚಿಪ್ಪಿನ ಸುಣ್ಣವೋ ಕಲ್ಲಿನ ಸುಣ್ಣವೋ ಹೇಳಿಲ್ಲವಲ್ಲ ಎಂದು ಕೇಳಿದರು. ಬರೆದವರನ್ನು ಕೇಳಿ ಆ ಸಾಲು ಸೇರಿಸಿದ್ದೇವೆ, ವಿಳಾಸ ಅದೇ ಇದೆ.